ರುದ್ರಪ್ಪ ಸಾರ್ ಮರೆತಿರಲಿಲ್ಲ

ಹಾಸನದ ಕಾಲೇಜಿನಲ್ಲಿ ಮೈಕ್ ಹಿಡಿದು ನಾನು ಹೇಳಿದ ಕಥೆ ಸುಳ್ಳು. ಅರಕಲಗೂಡಿನಲ್ಲಿ ಜಮೀನಿನ ಪತ್ರ ಬರೆಯುವ ಹಿರಿಯರೊಬ್ಬರು ಪಾಲುಪತ್ರದಲ್ಲಿ ದಾರಿಯ ಸಾಲನ್ನೇ ಬರೆಯಲು ಮರೆತರು, ಒಬ್ಬ ಹೆಂಗಸು ತನ್ನ ಹೊಲಕ್ಕೆ ತಾನೇ ಹೋಗಲಾರದಂತಾಯಿತು, ಮನುಷ್ಯ ಮರೆಯುತ್ತಾನೆ, ಎಐ ಮರೆಯುವುದಿಲ್ಲ — ಅಂದೆನಲ್ಲ, ನೀವೆಲ್ಲ ನಕ್ಕಿರಲ್ಲ. ಆ ಹಿರಿಯರು ಮರೆತಿರಲಿಲ್ಲ. ಆ ಸಾಲನ್ನು ಅವರು ತಮ್ಮ ಕೈಯಾರೆ ಬರೆದಿದ್ದರು. ಬಿಟ್ಟವನು ನಾನು. ಬಿಟ್ಟದ್ದನ್ನು ಮುಚ್ಚಿಟ್ಟವನೂ ನಾನೇ.

ನನ್ನ ವಿಡಿಯೋಗಳನ್ನು ನೋಡುವವರಿಗೆ ನಾನು 'ಎಐ ಮಂಜ'. ಕಂಪ್ಯೂಟರ್ ಓದಿದವನಲ್ಲ. ಬಿ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದಾಗ ಫೋನಿನಲ್ಲೇ ನೋಡಿ ನೋಡಿ ಕಲಿತದ್ದು. ಅದರ ಮೇಲೆ ಎಂಥಾ ಹುಚ್ಚು ಅಂದರೆ, ಸಾರಿಗೆ ಉಪ್ಪು ಎಷ್ಟು ಅಂತಲೂ ಅದನ್ನೇ ಕೇಳುತ್ತಿದ್ದೆ. ಆ ಹೊತ್ತಿನಲ್ಲೇ ರುದ್ರಪ್ಪ ಸಾರ್ ನನ್ನನ್ನು ಟೈಪಿಂಗಿಗೆ ಸೇರಿಸಿಕೊಂಡರು. ಅರಕಲಗೂಡಿನ ನೋಂದಣಿ ಕಚೇರಿಯ ಎದುರು ಅವರದೊಂದು ಚಿಕ್ಕ ಅಂಗಡಿ. ಒಂದು ಬೆಂಚು, ಎರಡು ಮೇಜು. ಕ್ರಯಪತ್ರ, ದಾನಪತ್ರ, ಪಾಲುಪತ್ರ — ಮೂವತ್ತು ವರ್ಷಕ್ಕೂ ಮೇಲೆ ಅದೇ ಕೆಲಸ.

ಪಾಲುಪತ್ರ ಅಂದರೆ ಅವರು ಮನೆಯವರನ್ನೆಲ್ಲ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಗಂಡಸರು ಹೇಳಿದ್ದನ್ನು ಬರೆದುಕೊಂಡು, ಆಮೇಲೆ ಹೆಂಗಸರ ಕಡೆ ತಿರುಗಿ ಕೇಳುತ್ತಿದ್ದರು — ನೀರಿಗೆ ಎಲ್ಲಿಂದ ಹೋಗ್ತೀರಿ, ಹುಲ್ಲು ಎಲ್ಲಿಂದ ಹೊರ್ತೀರಿ, ಗಾಡಿ ಎಲ್ಲಿ ತಿರುಗುತ್ತೆ. ನನಗೆ ಅದು ಹೊತ್ತು ಕಳೆಯುವ ಹರಟೆ ಅನ್ನಿಸುತ್ತಿತ್ತು.

ಕೊಣನೂರಿನ ಕಡೆಯ ಜಯಮ್ಮ, ಅವರಣ್ಣ ಕೃಷ್ಣೇಗೌಡ ಬಂದ ದಿನವೂ ಹಾಗೇ. ಅಣ್ಣನ ಪಾಲು ರಸ್ತೆಯ ಪಕ್ಕ, ತಂಗಿಯದು ಅದರ ಹಿಂದೆ, ಕಾಲುವೆಯ ಕಡೆಗೆ. ರುದ್ರಪ್ಪ ಸಾರ್ ಪೆನ್ನು ನಿಲ್ಲಿಸಿದರು.

"ಏನವ್ವಾ, ನಿನ್ ಪಾಲು ಒಳಗಡೆ ಐತೆ. ಓಗಾದು ಎಲ್ಲಿಂದ? ಅಣ್ಣನ್ ತಲೆ ಮೇಲಿಂದ್ಲಾ?"

"ಮೊದ್ಲಿಂದ್ಲೂ ಅಣ್ಣನ ಒಲದ ಬದಿನಲ್ಲೇ ಓಗಾದು ಸಾ. ಅದುನ್ನೂ ಬರೀಬೇಕಾ?"

"ಇವತ್ತು ಅಣ್ಣ ಅವ್ನೆ. ನಾಳೆ ಇನ್ಯಾರ್ ಬತ್ತಾರೋ."

"ಬರ್ಕಳಿ ಸಾ," ಅಂತ ಕೃಷ್ಣೇಗೌಡ ನಕ್ಕ. "ನಾನೇನ್ ಬೇಲಿ ಆಕ್ಬುಡ್ತೀನಾ!"

ಕರಡಿನ ಹಾಳೆ ಅಷ್ಟರಲ್ಲಿ ತುಂಬಿಹೋಗಿತ್ತು. ಸಾರ್ ಹಾಳೆಯನ್ನು ಅಡ್ಡ ತಿರುಗಿಸಿ ಅಂಚಿನಲ್ಲಿ ಬರೆದರು — ಜಯಮ್ಮನವರ ಹಿಸ್ಸೆಗೆ ಕೃಷ್ಣೇಗೌಡರ ಹಿಸ್ಸೆಯ ಪೂರ್ವದ ಬದುವಿನಲ್ಲಿ ಎಂಟು ಅಡಿ ಅಗಲದ ದಾರಿ, ಎಂದೆಂದಿಗೂ. ನಾನು ಅದನ್ನು ಕಣ್ಣಾರೆ ನೋಡಿದ್ದೆ.

ಆ ವಾರ ಅವರಿಗೆ ಹಾಸನದಲ್ಲಿ ಕಣ್ಣಿನ ಪೊರೆಯ ಆಪರೇಷನ್. ಹೋಗುವ ಮುಂಚೆ ಕರಡು ಕೊಟ್ಟು, "ಟೈಪ್ ಮಾಡು ಮಂಜ. ರಿಜಿಸ್ಟ್ರಿಗೆ ಮುಂಚೆ ಅವ್ರುನ್ನೆಲ್ಲ ಕೂರಿಸ್ಕಂಡು ಓದಿ ಹೇಳು. ಚಕ್ಕುಬಂದಿ ಬಂದಾಗ ನಿಲ್ಸು, ಆತುರ ಬೀಳ್ಬ್ಯಾಡ," ಅಂದರು. ಚಕ್ಕುಬಂದಿ ಅಂದರೆ ನಾಲ್ಕು ದಿಕ್ಕಿನ ಎಲ್ಲೆ.

ನಾನು ಟೈಪ್ ಮಾಡಲಿಲ್ಲ. ಫೋಟೋ ತೆಗೆದು ಎಐಗೆ ಹಾಕಿದೆ. ಒಂದು ನಿಮಿಷದೊಳಗೆ ಪತ್ರ ಬಂತು. ಎಷ್ಟು ಚೆನ್ನಾಗಿತ್ತು ಅಂದರೆ — ಸಾರ್ ಬರೆಯುವುದಕ್ಕಿಂತ ಚೆನ್ನಾಗಿದೆ ಅಂತ ನನ್ನಲ್ಲಿ ನಾನೇ ಬೀಗಿದೆ. ಅಂಚಿನ ಸಾಲು ಅದರಲ್ಲಿರಲಿಲ್ಲ. ಅಡ್ಡ ಬರಹ ಅದಕ್ಕೆ ತಿಳಿಯಲಿಲ್ಲವೋ, ಬೇಡ ಅನ್ನಿಸಿತೋ... ಇಲ್ಲೇನೋ ಇದೆ, ಓದಲಾಗುತ್ತಿಲ್ಲ ಅಂತ ಅದು ಹೇಳಲೂ ಇಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ನನಗೆ ಎಷ್ಟು ಹೊತ್ತು ಬೇಕಿತ್ತು? ನೋಡಲಿಲ್ಲ. ಯಾರನ್ನೂ ಕೂರಿಸಲಿಲ್ಲ, ಓದಿ ಹೇಳಲಿಲ್ಲ. ಆ ಹೊತ್ತಿನಲ್ಲಿ ಒಂದು ವಿಡಿಯೋ ಮಾಡಿದೆ.

ನೋಂದಣಿಯ ದಿನ ಸಾರ್ ಕಪ್ಪು ಕನ್ನಡಕ ಹಾಕಿಕೊಂಡು, ಅಣ್ಣ ತಂಗಿ ಬರುವ ಮುಂಚೆಯೇ ಬಂದರು. ಓದಬಾರದು ಅಂತ ಡಾಕ್ಟರ್ ಹೇಳಿದ್ದರು.

"ಓದಿ ಹೇಳ್ದಾ ಎಲ್ರುಗೂ?"

"ಹೇಳ್ದೆ ಸಾರ್."

ಪತ್ರ ಬರೆದವರು ಅನ್ನುವ ಕಡೆ ನಾನು ಬೆರಳಿಟ್ಟು ತೋರಿಸಿದೆ. ಅಲ್ಲಿ ಅವರು ಸಹಿ ಹಾಕಿದರು.

ನಾಲ್ಕು ತಿಂಗಳ ಮೇಲೆ ಜಯಮ್ಮ ಪತ್ರ ಹಿಡಿದು ಬಂದರು. ಕೃಷ್ಣೇಗೌಡ ತನ್ನ ಪಾಲನ್ನು ಹೊಳೆನರಸೀಪುರದ ಕಡೆಯವರಿಗೆ ಮಾರಿದ್ದ. ಕೊಂಡವರು ಸುತ್ತ ತಂತಿಬೇಲಿ ಹಾಕಿಸಿದ್ದರು. ಪತ್ರದಲ್ಲಿ ದಾರಿ ಎಲ್ಲಿದೆ ತೋರಿಸಿ ಅಂದಿದ್ದರು.

"ಎಲ್ಲೈತೆ ತೋರ್ಸಿ ಸಾ," ಅಂತ ಜಯಮ್ಮ ಪತ್ರವನ್ನು ಮೇಜಿನ ಮೇಲಿಟ್ಟರು. "ನಂಗೆ ಓದಕ್ ಬರಾಕಿಲ್ಲ. ಅವ್ರು ಇಲ್ಲ ಅಂತಾರೆ."

ಸಾರ್ ಒಂದು ಸಲ ಓದಿದರು. ಮತ್ತೆ ಓದಿದರು. "ಬರ್ದಿದ್ದೆ ಕಣವ್ವಾ, ಕರಡು ಐತೆ, ಇರು," ಅಂತ ಎದ್ದು ಅವರಿಗೆ ಕುಡಿಯಲು ನೀರು ತರಲು ಒಳಗೆ ಹೋದರು. ಫೈಲುಗಳು ನನ್ನ ಮೇಜಿನ ಪಕ್ಕದಲ್ಲೇ ಇದ್ದವು, ಜಯಮ್ಮ ಬೆಂಚಿನ ಮೇಲೆ ಬೀದಿಯ ಕಡೆ ತಿರುಗಿ ಕೂತಿದ್ದರು. ನಾನು ಆ ಕರಡನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಯೋಚಿಸಿ ಮಾಡಿದ್ದಲ್ಲ ಅಂತ ಬರೆಯಬಹುದಿತ್ತು. ಆದರೆ ಬ್ಯಾಗಿನ ಜಿಪ್ ಸದ್ದಾಗದ ಹಾಗೆ ಎಳೆದದ್ದು ನೆನಪಿದೆ.

ಫೈಲಿನಲ್ಲಿ ಕರಡು ಸಿಗಲಿಲ್ಲ. ಸಾರ್ ಎಲ್ಲವನ್ನೂ ಕೆಳಗೆ ಹರಡಿಕೊಂಡು ಹುಡುಕಿದರು. ಕೊನೆಗೆ ನೆಲದ ಮೇಲೆ ಕೂತಲ್ಲಿಂದಲೇ ನನ್ನ ಮುಖ ನೋಡಿದರು.

"ಬರ್ದಿದ್ನಾ ಮಂಜ? ಇಲ್ಲ, ಬರೀಬೇಕು ಅಂತ ಅಂದ್ಕಂಡು ಬಿಟ್ಬುಟ್ನಾ?"

ನಾನು ಹೇಳಿದೆ: "ಬರ್ದಿರ್ಲಿಲ್ಲ ಸಾರ್."

ಅವರು ಜಯಮ್ಮನಿಗೆ ಕೈಮುಗಿದರು. "ನನ್ ತಪ್ಪು ಕಣವ್ವಾ. ನಂಗೆ ಮರೆವು ಬಂದದೆ." ಜಯಮ್ಮ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಅಳುತ್ತಾ ಪತ್ರ ಮಡಚಿಕೊಂಡು ಹೋದರು. ಈಗ ಅವರು ಹುಲ್ಲಿನ ಹೊರೆ ಹೊತ್ತು ಕಾಲುವೆ ಏರಿಯ ಮೇಲೆ ಸುತ್ತಿ ಬರುತ್ತಾರೆ. ಟ್ರ್ಯಾಕ್ಟರ್ ಒಳಗೆ ಹೋಗುವುದಿಲ್ಲ.

ಆ ವಾರವೇ ಸಾರ್ ಬರೆಯುವುದನ್ನು ಬಿಟ್ಟರು. ಯಾರೂ ಬಿಡಿಸಲಿಲ್ಲ. ಮಗ ಹಾಸನಕ್ಕೆ ಕರೆದುಕೊಂಡು ಹೋಗಿ ತೋರಿಸಿದರೆ, ಈ ವಯಸ್ಸಿಗೆ ಚೆನ್ನಾಗಿಯೇ ಇದ್ದಾರೆ ಅಂದರಂತೆ ಡಾಕ್ಟರ್. ಸಾರ್ ನಂಬಲಿಲ್ಲ. ಬೀಗ ಹಾಕಿ ಬಂದು ಮತ್ತೆ ಹೋಗಿ ಎಳೆದು ನೋಡುತ್ತಿದ್ದರಂತೆ. ಚನ್ನರಾಯಪಟ್ಟಣದ ಮದುವೆಯೊಂದರಲ್ಲಿ ನೆಂಟರ ಹೆಸರು ತಪ್ಪಿಹೋದೀತು ಅಂತ ಯಾರನ್ನೂ ಮಾತಾಡಿಸದೆ ಕೂತಿದ್ದರಂತೆ. ಇದೆಲ್ಲ ಅವರ ಹೆಂಡತಿ ಗೌರಮ್ಮನವರು ಸಂತೆಯಲ್ಲಿ ಸಿಕ್ಕಾಗ ನನಗೆ ಹೇಳಿದ್ದು. ಹೇಳಿ, "ನೀನಾದ್ರೂ ಬಂದು ಮಾತಾಡ್ಸಪ್ಪ," ಅಂದಿದ್ದರು. ನಾನು ಹೋಗಲಿಲ್ಲ.

ಕಾಲೇಜಿಗೆ ಹೋದೆ. ಎಐ ಬಗ್ಗೆ ಮಾತಾಡಲು ಕರೆದಿದ್ದರು. ಒಬ್ಬ ಹುಡುಗಿ ಎದ್ದು, ಡಾಕ್ಟರು, ವಕೀಲರು, ಮೇಷ್ಟರು ಎಲ್ಲರ ಕೆಲಸವನ್ನೂ ಇದು ಕಿತ್ತುಕೊಂಡರೆ ಕೊನೆಗೆ ಮನುಷ್ಯರನ್ನೇ ಮುಗಿಸುವುದಿಲ್ಲವಾ ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆಯಾಗಿ ಆ ಕಥೆ ಹೇಳಿದೆ. ಹೇಳುವಾಗ ಕನ್ನಡಕ ಸರಿಸಿ ಕಾಗದ ಹುಡುಕುವ ಹಾಗೆ ನಟಿಸಿದೆ ಕೂಡ. ನೀವು ನಕ್ಕಿದ್ದು ಅದಕ್ಕೇ.

ಕಾರ್ಯಕ್ರಮ ಮುಗಿದ ಮೇಲೆ ಅದೇ ಹುಡುಗಿ ಬಂದಳು. "ಆ ತಾತ ಈಗ ಹೆಂಗವ್ರೆ ಸಾರ್?"

ಅಷ್ಟೇ ಕೇಳಿದ್ದು. ನಾನು ಬಸ್ಸಿಗೆ ಹೊತ್ತಾಯಿತು ಅಂದೆ.

ರುದ್ರಪ್ಪ ಸಾರ್ ಕುರ್ಚಿಯನ್ನು ಎಐ ಕಿತ್ತುಕೊಂಡಿತು ಅಂತ ಹೇಳಿದರೂ ಕೇಳುವವರು ಇದ್ದಾರೆ. ಅದು ಬಿಟ್ಟದ್ದು ಒಂದು ಸಾಲು. ಅದನ್ನು ನೋಡದೆ ಮುಂದಿಟ್ಟವನು, ಓದಿದೆ ಅಂದವನು, ನೀವು ಬರೆದೇ ಇಲ್ಲ ಅಂದವನು — ನನಗೆ ಹೆಸರಿದೆ, ಊರಿದೆ.

ಕಳೆದ ಭಾನುವಾರ ಅವರ ಮನೆಗೆ ಹೋಗಿ ಕರಡನ್ನು ಕೈಗೆ ಕೊಟ್ಟೆ. ಎಲ್ಲವನ್ನೂ ಹೇಳಿದೆ. ಗೌರಮ್ಮನವರು ಹೊಸ್ತಿಲಲ್ಲೇ ಕೂತುಬಿಟ್ಟರು. ಸಾರ್ ಅಂಚಿನ ಸಾಲನ್ನು ಓದಿದರು, ತಮ್ಮ ಅಕ್ಷರದ ಮೇಲೆ ಬೆರಳಾಡಿಸಿದರು. ಹೊಡೆದಿದ್ದರೆ ಚೆನ್ನಾಗಿತ್ತು.

"ಇದು ನಂಗಲ್ಲ ಕಣ್ಲಾ ಬೇಕಾಗಿರಾದು," ಅಂದರು. "ಮೊದ್ಲು ಆ ಹೆಣ್ಮಗಳ್ಗೆ ಕೊಡೋಗು."

ಕೊಟ್ಟೆ. ನಡೆದದ್ದನ್ನು ಬರೆದು, ಸಹಿ ಹಾಕಿ, ಜೊತೆಗಿಟ್ಟೆ. ಜಯಮ್ಮ ನನ್ನನ್ನು ಒಳಗೆ ಕರೆಯಲಿಲ್ಲ. "ನೀನ್ ಹೇಳ್ಬುಟ್ರೆ ಬೇಲಿ ಎದ್ದೋಯ್ತದಾ?" ಅಂದರು. ಕಾಗದಗಳನ್ನು ವಕೀಲರಿಗೆ ಕೊಟ್ಟಿದ್ದಾರೆ. ಸಾಕ್ಷಿಗೆ ಕರೆದರೆ ಹೋಗುತ್ತೇನೆ, ಇಲ್ಲಿ ಬರೆದದ್ದನ್ನೇ ಹೇಳುತ್ತೇನೆ. ದಾರಿ ಸಿಗುತ್ತದೋ ಇಲ್ಲವೋ ವಕೀಲರಿಗೂ ಖಾತ್ರಿಯಿಲ್ಲ.

ನಾನು ಹೇಳಿಬಿಟ್ಟರೆ ಸಾರ್ ಮೊದಲಿನಂತೆ ಆಗುತ್ತಾರೆ ಅಂದುಕೊಂಡಿದ್ದೆ. ಸೋಮವಾರ ಬೆಳಿಗ್ಗೆ ಅವರ ಫೋನ್ ಬಂತು.

"ಮಂಜ, ನೆನ್ನೆ ನೀನು ಮನೆಗ್ ಬಂದಿದ್ಯಾ? ಬಂದಂಗಿತ್ತು, ಆದ್ರೆ ನನ್ ನೆನಪ್ನ ನಂಬಕ್ಕಾಯ್ತಿಲ್ಲ. ಇವ್ಳೂ ಬಂದಿದ್ದ ಅಂತಾಳೆ. ನನ್ ಸಮಾಧಾನಕ್ಕೆ ಹೇಳ್ತಾವ್ಳೋ ಏನೋ."

"ಬಂದಿದ್ದೆ ಸಾರ್."

"ನಾನು ಬರ್ದಿದ್ದೆ ಅಂದ್ಯಾ?"

"ಬರ್ದಿದ್ರಿ ಸಾರ್. ನಾನೇ ಸುಳ್ಳು ಹೇಳಿದ್ದು."

ಅವರು ಫೋನ್ ಇಟ್ಟರು. ಬುಧವಾರ ಮತ್ತೆ ಮಾಡಿದರು, ಅದೇ ಪ್ರಶ್ನೆ. ಈ ದಿನ ಬೆಳಿಗ್ಗೆಯೂ.

ಪ್ರತಿ ಸಲವೂ ಮೊದಲಿನಿಂದ ಹೇಳಬೇಕಾಗುತ್ತದೆ — ಅಂಚಿನ ಸಾಲು, ಫೋಟೋ, ಬ್ಯಾಗು, ನಾನಾಡಿದ ಮಾತು. ಒಂದನ್ನೂ ಬಿಡುವುದಿಲ್ಲ. ಅವರು ಎಷ್ಟು ದಿನ ಕೇಳುತ್ತಾರೋ ಅಷ್ಟು ದಿನ ಹೇಳುತ್ತೇನೆ.