ಬಾಗಿಲ ಹಿಂದಿನ ಫ್ರೆಂಚ್ ಪರೀಕ್ಷೆ

ಮದುವೆಯಾಗಿ ಜಯನಗರದ ಮನೆಗೆ ಬಂದ ಎರಡನೆಯ ವರ್ಷ, ಅರವತ್ತರ ದಶಕದ ಮೊದಲಲ್ಲಿ, ನಾನು ಓದಿದ ಕಾನ್ವೆಂಟಿನಿಂದ ಒಂದು ಕಾಗದ ಬಂತು. ಫ್ರೆಂಚ್ ಕಲಿಸುವ ಸಿಸ್ಟರ್ ಆರು ತಿಂಗಳು ಇರುವುದಿಲ್ಲ, ದಿನಕ್ಕೆ ಎರಡು ಗಂಟೆ ಬಂದು ಪಾಠ ಮಾಡುತ್ತೀಯಾ ಎಂದು ಕೇಳಿದ್ದರು. ಸೋಮವಾರದೊಳಗೆ ಉತ್ತರ ಬೇಕು. ನನಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂದರೆ, ಕಾಗದವನ್ನು ಮೊರದ ಪಕ್ಕದಲ್ಲಿಟ್ಟುಕೊಂಡು ಅಕ್ಕಿ ಆರಿಸುತ್ತ ನಾಲ್ಕು ಸಲ ಓದಿದೆ. ನನ್ನವರು "ಅಪ್ಪನ್ನ ಕೇಳು" ಎಂದು ಹೇಳಿ, ಹಲ್ಲುನೋವೆಂದು ಮಲಗಿಬಿಟ್ಟರು.

ಕೇಳುವುದಾದರೂ ಹೇಗೆ? ನಮ್ಮ ಮನೆಯಲ್ಲಿ ಸೊಸೆ ಮಾವನವರ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ. ಅವರು ಹಜಾರದ ಆರಾಮಕುರ್ಚಿಯಲ್ಲಿ, ನಾನು ಅಡುಗೆಮನೆ ಬಾಗಿಲ ಹಿಂದೆ, ನಡುವೆ ಹೊಸ್ತಿಲ ಹತ್ತಿರ ಅತ್ತೆ. ಮಾವನವರು ನಿವೃತ್ತ ಹೆಡ್ಮಾಸ್ಟರು. ಪರೀಕ್ಷೆ ಮಾಡದೆ ಯಾರನ್ನೂ ಮೇಲಿನ ಕ್ಲಾಸಿಗೆ ಕಳಿಸಿದವರಲ್ಲ. ಅತ್ತೆ ವಿಷಯ ಮುಟ್ಟಿಸಿದ ದಿನವೇ ಅವೆನ್ಯೂ ರಸ್ತೆಯಿಂದ ಹಳೆಯ ಫ್ರೆಂಚ್ ವ್ಯಾಕರಣವೊಂದನ್ನು ತಂದು, ಎರಡೇ ದಿನದಲ್ಲಿ ಆ ಭಾಷೆಯಲ್ಲಿ ಪಂಡಿತರಾಗಿ, ಭಾನುವಾರ ಕಾಫಿಯಾದ ಮೇಲೆ ಕೂತರು.

"'ನಾವು ಮಾತಾಡುತ್ತಿದ್ದೆವು' ಅನ್ನೋದಕ್ಕೆ ಏನಂತಾಳೆ ಕೇಳೇ."

ಅತ್ತೆ ನನ್ನತ್ತ ತಿರುಗಿದರು. "ಏನಂತಾರಂತಮ್ಮಾ?"

"ನೂ ಪಾರ್ಲಿಯೊಂ."

"ನೂ ಪಾರ್ಲಿಯೊಂ ಅಂತೆ," ಎಂದರು ಅತ್ತೆ, ಮೂಗಿನಿಂದ ಹೊರಡುವ ಆ ಸ್ವರದ ಸಮೇತ. ಅದನ್ನು ನನಗೆ ಕಲಿಸಲು ಸಿಸ್ಟರಿಗೆ ಒಂದು ವರ್ಷ ಹಿಡಿದಿತ್ತು.

"ಬಿಡಿಸಿ ಹೇಳಲಿ."

ಬಾಯಲ್ಲಿ ಎರಡೇ ತುಂಡು, ಪಾರ್, ಲಿಯೊಂ ಎಂದೆ. ವ್ಯಾಕರಣದಲ್ಲಿ 'ಪಾರ್ಲ್' ಧಾತು, 'ಇ' ಹಿಂದೆ ನಡೆಯುತ್ತಿದ್ದುದರ ಗುರುತು, 'ಒಂ' ಅಂದರೆ ನಾವು. ಅತ್ತೆ ಒಗ್ಗರಣೆ ಸೌಟು ಹಿಡಿದುಕೊಂಡೇ ಎಲ್ಲವನ್ನೂ ಹಜಾರಕ್ಕೆ ಸಾಗಿಸಿದರು.

"ತಪ್ಪು! ಪರ್, ಲಿ, ಒನ್ಸ್. ಮೂರು. ಕೊನೇ ಎಸ್ಸನ್ನ ಎಲ್ಲಿ ನುಂಗಿದಳು?"

ನಾನು ಪಿಸುಗುಟ್ಟಿದೆ. ಅತ್ತೆ ಗಟ್ಟಿಯಾಗಿ ಹೇಳಿದರು: "ಬರೀತಾರಂತೆ, ಬಾಯಲ್ಲಿ ಅನ್ನಲ್ವಂತೆ."

"ಅನ್ನದೇ ಇರೋದನ್ನ ಯಾಕೆ ಬರೀಬೇಕು?"

ಇದಕ್ಕೆ ಅತ್ತೆ ನನ್ನ ಕಡೆ ತಿರುಗಲೇ ಇಲ್ಲ. "ರೇಷನ್ ಕಾರ್ಡಲ್ಲಿ ನನ್ನ ಹೆಸರೂ ಬರ್ದಿದೆ. ಯಾರಾದ್ರೂ ಕರೀತಾರಾ?"

ಮಾವನವರು ಪುಸ್ತಕ ಮುಚ್ಚಿದರು. "ಐದಕ್ಕೆ ಎರಡು. ಕಲಿಸಿದೋರಿಗೇ ಉಚ್ಚಾರಣೆ ಬರೋಲ್ಲ, ಇವಳಿಗೇನು ಬಂದೀತು? ಹೋಗೋದೇನೂ ಬೇಡ."

ಬಾಗಿಲ ಹಿಂದೆ ನನ್ನ ಕಣ್ಣು ತುಂಬಿತು. ಕಾನ್ವೆಂಟಿನಲ್ಲಿ ನಮಗೆ ಸದ್ದಿಲ್ಲದೆ ಅಳುವುದನ್ನೂ ಚೆನ್ನಾಗಿ ಕಲಿಸಿದ್ದರು.

"ಅದೂ ನಿಜ ಅನ್ನಿ," ಎಂದರು ಅತ್ತೆ, ಮೆತ್ತಗೆ. "ಅಷ್ಟು ಮಕ್ಕಳು ತಪ್ಪು ಕಲೀತಿದಾವೆ, ಪಾಪ. ನೀವು ಹೇಳಿದ್ದನ್ನ ಅಲ್ಲಿಗೆ ಮುಟ್ಟಿಸೋಕಾದ್ರೂ ಒಬ್ಬರು ಬೇಡ್ವೇ?"

ಆರಾಮಕುರ್ಚಿ ಕಿರುಗುಟ್ಟಿತು. ವಿದ್ಯಾದಾನ ಎಂಬ ಮಾತು ಕೇಳಿಬಂತು. ಆಮೇಲೆ, "ನಾಳೆಯಿಂದಲೇ ಹೋಗಲಿ. ಮೊದಲು ಆ ಸಿಸ್ಟರುಗಳನ್ನ ತಿದ್ದಲಿ."

ಆರು ತಿಂಗಳು ಎರಡು ಬಸ್ಸು ಬದಲಾಯಿಸಿ ಹೋಗಿ, ಮಕ್ಕಳಿಗೆ ಎಸ್ ನುಂಗುವುದನ್ನೇ ಕಲಿಸಿದೆ. ಮನೆಗೆ ಬಂದೊಡನೆ ಹಜಾರದಿಂದ ಪ್ರಶ್ನೆ ತಪ್ಪುತ್ತಿರಲಿಲ್ಲ: "ತಿದ್ಕೊಂಡರಂತಾ ಕೇಳೇ?"

ಅತ್ತೆ ನನ್ನನ್ನು ಕೇಳುತ್ತಲೇ ಇರಲಿಲ್ಲ. "ನಿಧಾನಕ್ಕೆ ತಿದ್ಕೋತಿದಾರಂತೆ," ಎನ್ನುತ್ತ ನನ್ನ ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದರು.