ಹುಲಿಯ ಕಾಲು, ಕಪಾಟಿನ ಬೀಗ

ಸಿಟ್ಟು ಬಂದರೆ ನಾನು ಕಪಾಟು ಒರೆಸುತ್ತೇನೆ. ಗಂಡನ ಮೇಲೆ ಬಂದರೆ ಅಡುಗೆಮನೆಯದು, ಲೋಕದ ಮೇಲೆ ಬಂದರೆ ಪುಸ್ತಕದ್ದು. ಇವತ್ತು ಬೆಳಗಿನಿಂದ ಪುಸ್ತಕದ ಕಪಾಟನ್ನು ತಿಕ್ಕುತ್ತಿರುವುದನ್ನು ಕಂಡು ನಮ್ಮ ಮನೆಯವರು ಚಹಾ ಕೇಳುವ ಧೈರ್ಯ ಸಾಲದೆ ತಾವೇ ಮಾಡಿಕೊಂಡು ಕುಡಿದರು. ಕಾರಣ ಹಳೆಯದು. ಎಂಬತ್ತರ ದಶಕದ ಆರಂಭದಲ್ಲಿ, ಕುಕನೂರಿನ ಆಚೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಕಲಿಸುತ್ತಿದ್ದಾಗ, ಒಂದು ಚಿತ್ರಪುಸ್ತಕಕ್ಕೆ ಬೀಗ ಬಿತ್ತು. ಪುಸ್ತಕಕ್ಕೆ ಬೀಗ ಹಾಕುವವರ ಮೇಲಿನ ನನ್ನ ಸಿಟ್ಟಿಗೆ ವಯಸ್ಸಾಗಿಲ್ಲ. ನನಗೆ ಆಗಿದೆ, ಅದು ಬೇರೆ ಮಾತು.

ಆ ವರ್ಷ ಶಾಲೆಗೆ ಒಂದು ಗಂಟು ಮಕ್ಕಳ ಪುಸ್ತಕ ಬಂದಿತ್ತು. ಅದರಲ್ಲಿ ಒಂದು, ಆಫ್ರಿಕಾದ ಪಡುವಣ ದಿಕ್ಕಿನ ಯಾವುದೋ ಊರಿನ ಹಬ್ಬದ್ದು. ಅಡಿಯಿಂದ ಮುಡಿಯವರೆಗೆ ಹುಲ್ಲು ಹೊದ್ದು, ಕಟ್ಟಿಗೆಯ ಮುಖ ಇಟ್ಟುಕೊಂಡು ಸೋಗಿನವರು ಬರುತ್ತಾರೆ, ಡೊಳ್ಳು ಮೊಳಗುತ್ತವೆ. ಪುಟ್ಟ ಹುಡುಗಿಯೊಂದು ಹೆದರಿ ಅವ್ವನ ಸೀರೆಯಂಥ ಬಟ್ಟೆಯೊಳಗೆ ಮುಖ ಮುಚ್ಚಿಕೊಳ್ಳುತ್ತದೆ. ಆಮೇಲೆ ಸಂದಿಯಿಂದ ನೋಡಿದರೆ, ಹುಲ್ಲಿನ ಕೆಳಗೆ ಎರಡು ಕಾಲು. ಒಂದರ ಹೆಬ್ಬೆರಳಿಗೆ ಚಿಂದಿ ಸುತ್ತಿದೆ. ಮುಂಜಾನೆ ಅಪ್ಪನ ಬೆರಳಿಗೆ ಆ ಹುಡುಗಿಯೇ ಸುತ್ತಿದ ಚಿಂದಿ. ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಅವ್ವ ತುಟಿಯ ಮೇಲೆ ಬೆರಳಿಡುತ್ತಾಳೆ. ಸೋಗಿನಲ್ಲಿ ಇರುವವರ ಹೆಸರು ಹಿಡಿಯಬಾರದು, ಅಷ್ಟೇ ಕಥೆ.

ಓದಿ ನನಗೆ ಮೈ ಜುಮ್ಮೆಂದಿತು, ಏಕೆಂದರೆ ಇದು ನಮ್ಮ ಓಣಿಯ ಕಟ್ಟಳೆಯೇ. ಮೊಹರಂನಲ್ಲಿ ಅಲಾಯಿ ಕುಣಿಯ, ಅಂದರೆ ದೇವರ ಮುಂದಿನ ಬೆಂಕಿಗುಂಡಿಯ, ಸುತ್ತ ಕುಣಿಯುವ ಹುಲಿಸೋಗಿನವನು ಹಳದಿ ಬಣ್ಣ ಒಣಗಿದ ಗಳಿಗೆಯಿಂದ ಹುಲಿಯೇ. ಹೆಂಡತಿ ಕೂಡ ‘ಹುಲಿಯಪ್ಪ, ನೀರು ಕುಡಿ’ ಎನ್ನಬೇಕು. ಬಾಯಿ ತಪ್ಪಿ ಯಾರಾದರೂ ಹೆಸರು ಹಿಡಿದು ಕರೆದರೆ ಹಲಗೆಯ ಬಡಿತ ನಿಲ್ಲುತ್ತದೆ, ಹುಲಿ ಇದ್ದಲ್ಲೇ ಕೂತುಬಿಡುತ್ತದೆ. ಕರೆದವರು ಒಂದು ಕೊಡ ನೀರು ತಂದು ಅದರ ಕಾಲಿಗೆ ಸುರಿಯುವ ತನಕ ಏಳುವುದಿಲ್ಲ. ಸಮುದ್ರದಾಚೆಯ ಆ ಊರಿನವರು ನಮ್ಮನ್ನು ಕಂಡಿಲ್ಲ, ನಾವು ಅವರನ್ನು ಕಂಡಿಲ್ಲ. ಒಂದೇ ಕಟ್ಟಳೆ ಎರಡೂ ಕಡೆ ಹೇಗೆ ಹುಟ್ಟಿತು ಎಂಬುದನ್ನು ಪಂಡಿತರು ಹೇಳಲಿ. ನನಗೆ ತೋಚುವುದು ಇಷ್ಟೇ, ಮನುಷ್ಯನಿಗೆ ವರ್ಷಕ್ಕೊಮ್ಮೆಯಾದರೂ ತನ್ನ ಹೆಸರಿನಿಂದ ರಜೆ ಬೇಕು.

ಈ ಕಟ್ಟಳೆ ನಮ್ಮ ಮನೆಯೊಳಗೂ ಇತ್ತು. ಮಗಳು ಗಿರಿಜಾ ಕೂಸಿದ್ದಾಗ ಜ್ವರ ಬಂದು ಕೈಬಿಟ್ಟು ಹೋಗುವಂತಾಗಿದ್ದಳು. ನಮ್ಮ ಅತ್ತೆ ಅಲಾಯಿ ದೇವರಿಗೆ ಹರಕೆ ಹೊತ್ತರು: ಕೂಸು ಉಳಿದರೆ ನಮ್ಮ ಮನೆಯ ಹುಲಿ ಅದನ್ನು ಹೆಗಲ ಮೇಲೆ ಹೊತ್ತು ಕುಣಿಯನ್ನು ಒಂದು ಸುತ್ತು ಹಾಕುತ್ತದೆ. ಕೂಸು ಉಳಿಯಿತು. ಮೈದುನ ಶರಣಪ್ಪ ಹುಲಿಯಾದ. ಆದರೆ ಗಿರಿಜಾ ಪ್ರತಿ ವರ್ಷ ಹುಲಿಯನ್ನು ಕಂಡೊಡನೆ ಜೋಳದ ಚೀಲಗಳ ಹಿಂದೆ ಸೇರಿ, ಉಸಿರು ಕಟ್ಟುವ ಹಾಗೆ ಅಳುತ್ತಿದ್ದಳು. ಶರಣಪ್ಪ ಬರಿ ಹೆಗಲಲ್ಲಿ ಸುತ್ತು ಹಾಕಿ, ತಲೆ ತಗ್ಗಿಸಿಕೊಂಡು ಬರುತ್ತಿದ್ದ.

“ಹರಕಿ ಹಂಗ ಉಳದೈತಿ ನೋಡವಾ,” ಎನ್ನುತ್ತಿದ್ದರು ಅತ್ತೆ. “ದೇವರು ಕಾಯ್ತಾನ ಖರೆ, ಎಷ್ಟಂತ ಕಾಯಬೇಕು?”

ಆ ಪುಸ್ತಕವನ್ನು ಗಿರಿಜಾ ಬಿಟ್ಟಿರಲಿಲ್ಲ. ಶಾಲೆಯಲ್ಲಿ ಮೂಲೆ ಹಿಡಿದು ಕೂತು ಆ ಕಾಲು ಕಾಣುವ ಹಾಳೆಯನ್ನೇ ತೆರೆಯುತ್ತಿದ್ದಳು. ಒಂದು ದಿನ ಕೇಳಿದಳು: “ಅವ್ವಾ, ನಮ್ಮ ಹುಲಿಗೂ ಕಾಲು ಅದಾವೇನು?”

ನಾನು ತುಟಿಯ ಮೇಲೆ ಬೆರಳಿಟ್ಟೆ. ಅವಳ ಮುಖ ಅರಳಿತು. ಈ ಸಲ ಹರಕೆ ತೀರುತ್ತದೆ ಎಂದು ನನಗೆ ಅನಿಸಿದ್ದೇ ಆಗ.

ಅಷ್ಟರಲ್ಲಿ ಸಾಹೇಬರು ಬಂದರು. ನಮ್ಮೂರಿನವರೇ, ದೊಡ್ಡ ನೌಕರಿಯಲ್ಲಿ ಊರೂರು ತಿರುಗಿ ನಿವೃತ್ತರಾಗಿ ಮರಳಿದವರು, ಶಾಲಾ ಸಮಿತಿಯ ಹಿರಿಯರು. ಪುಸ್ತಕ ತಿರುವಿ ಹಾಕಿ ಕನ್ನಡಕ ಮೇಲೇರಿಸಿದರು.

“ಇದೇನ್ರೀ ಟೀಚರ, ದೆವ್ವದ ಚಿತ್ರ ತಂದು ಹುಡುಗರ ಕೈಯಾಗ ಕೊಟ್ಟೀರಿ? ಕಾಡು ಮಂದಿ ಹಬ್ಬ ನಮ್ಮ ಮಕ್ಕಳಿಗೆ ಯಾಕ ಬೇಕ್ರಿ? ಹೆದರಿ ಹಾಸಿಗ್ಯಾಗ ಉಚ್ಚಿ ಹೊಯ್ಕೊಂತಾವ.”

“ನಮ್ಮ ಹುಲಿ ಸೋಗೂ ಹಿಂಗ ಅಲ್ಲೇನ್ರಿ?” ಎಂದೆ.

“ಅದು ಬ್ಯಾರೆ, ಇದು ಬ್ಯಾರೆ,” ಎಂದರು. ಹೆಡ್‌ಮಾಸ್ತರರು ಅವರ ಮುಖ ನೋಡಿದರು, ನನ್ನ ಮುಖ ನೋಡಲಿಲ್ಲ. ಪುಸ್ತಕ ಕಪಾಟು ಸೇರಿತು.

ಯಾವ ನ್ಯಾಯ ಇದು, ನೀವೇ ಹೇಳಿ. ಅದೇ ಗಂಟಿನಲ್ಲಿ ಮಕ್ಕಳನ್ನು ಹಿಡಿದು ತಿನ್ನುವ ಕೊಕ್ಕೆಮೂಗಿನ ಬಿಳಿ ಮುದುಕಿಯ ಪುಸ್ತಕವೂ ಇತ್ತು. ಅದು ‘ನೀತಿಕಥೆ’ ಎಂದು ಮೇಜಿನ ಮೇಲೇ ಉಳಿಯಿತು. ಒಂದು ತುತ್ತು ರೊಟ್ಟಿ ತಿನ್ನಿಸಲು ‘ಗುಮ್ಮ ಬಂದ’ ಎನ್ನುವ ನಾವು, ರಕ್ಕಸನ ಹೊಟ್ಟೆ ಬಗೆದ ಕಥೆ ಹೇಳಿ ಮಕ್ಕಳನ್ನು ಮಲಗಿಸುವ ನಾವು, ಮಕ್ಕಳು ಹೆದರುತ್ತಾರೆಂದು ಚಿಂತಿಸುತ್ತೇವಂತೆ! ಆ ಪುಸ್ತಕದಲ್ಲಿ ಸಾಹೇಬರಿಗೆ ಕಂಡದ್ದು ಕಪ್ಪು ಮೈ, ಹುಲ್ಲು ಮತ್ತು ಕಟ್ಟಿಗೆಯ ಮುಖ. ಕಾಲು ಕಾಣಲಿಲ್ಲ. ನನ್ನ ಮಗಳಿಗೆ ಕಂಡಿತ್ತು. ಅಂದು ಮನೆಗೆ ಬಂದು ನಾನು ಒರೆಸಿದ ರಭಸಕ್ಕೆ ಕಪಾಟಿನ ಬಣ್ಣವೇ ಕಿತ್ತು ಬಂತು.

ಹಬ್ಬ ಬಂತು. “ಪುಸ್ತಕ ಒಂದ ಸಲ ತೋರಸವಾ,” ಎಂದು ಗಿರಿಜಾ ಗೋಗರೆದಳು. ಬೀಗದ ಕೈ ನನ್ನ ಬಳಿ ಇರಲಿಲ್ಲ. ಹಾಗೇ ಕೈಹಿಡಿದು ಅಲಾಯಿ ಕುಣಿಯ ಹತ್ತಿರ ಕರೆದೊಯ್ದೆ. ಮಧ್ಯಾಹ್ನದ ಬಿಸಿಲಿನಲ್ಲಿ ಹುಲಿ ಬಂತು. ಅವಳ ಉಗುರು ನನ್ನ ಅಂಗೈಗೆ ಚುಚ್ಚಿತು. ಓಡುತ್ತಾಳೆ ಎಂದುಕೊಂಡೆ. ಅವಳು ಹುಲಿಯ ಮುಖ ನೋಡಲಿಲ್ಲ, ಬಗ್ಗಿ ಕಾಲು ನೋಡಿದಳು. ಹಳದಿ ಬಣ್ಣದೊಳಗೂ ಶರಣಪ್ಪನ ಒಡೆದ ಹಿಮ್ಮಡಿ ಕಾಣುತ್ತಿತ್ತು. ನನ್ನ ಕೈ ಬಿಟ್ಟು ಎರಡೂ ತೋಳು ಮೇಲೆತ್ತಿದಳು. ಹುಲಿ ಅವಳನ್ನು ಹೆಗಲಿಗೇರಿಸಿತು. ಅತ್ತೆ ಸೆರಗು ಬಾಯಿಗಿಟ್ಟು ಅಳತೊಡಗಿದರು.

ಅರ್ಧ ಸುತ್ತು ಆಗಿರಬೇಕು. ಮುಂದಿನ ಸಾಲಿನ ಕುರ್ಚಿಯಿಂದ ಸಾಹೇಬರು ಉತ್ಸಾಹದಲ್ಲಿ ಕೂಗಿದರು: “ಏ ಶರಣಪ್ಪಾ, ಭಾಳ ಛಲೋ ಕುಣ್ಯಾಕತ್ತೀಯಲ್ಲೋ!”

ಹಲಗೆ ನಿಂತಿತು. ಹುಲಿ ಗಿರಿಜಾಳನ್ನು ಇಳಿಸಿ ನೆಲಕ್ಕೆ ಕೂತಿತು. ಸಾಹೇಬರು ಸುತ್ತ ನೋಡಿ ನಕ್ಕರು, ಯಾರೂ ನಗಲಿಲ್ಲ. ಆಗ ನನ್ನ ಮಗಳು ಅವರ ಕುರ್ಚಿಯ ಮುಂದೆ ಹೋಗಿ ನಿಂತಳು.

“ಅಜ್ಜಾರ, ಹೆಸರು ಹಿಡೀಬಾರದ್ರಿ. ಪುಸ್ತಕದಾಗ ಐತಲ್ರಿ. ನೀವು ಓದಿಲ್ಲೇನ್ರಿ?”

ಸಾಹೇಬರು ಎದ್ದರು. ಇಸ್ತ್ರಿ ಮಾಡಿದ ಧೋತರ ಎತ್ತಿ ಕಟ್ಟಿ, ಸೇದುವ ಬಾವಿಯಿಂದ ಕೊಡ ತಂದು ಹುಲಿಯ ಕಾಲಿಗೆ ನೀರು ಸುರಿದರು. ಅಷ್ಟು ಮಾತ್ರ ಅವರ ಬಗ್ಗೆ ಒಳ್ಳೆಯದು ಹೇಳಬಲ್ಲೆ. ಬೀಗ ತೆಗೆಸಲಿಲ್ಲ. ನಾನು ಅಲ್ಲಿಂದ ವರ್ಗವಾಗಿ ಹೋಗುವ ತನಕ ಪುಸ್ತಕ ಒಳಗೇ ಇತ್ತು.

ಹಲಗೆ ಮತ್ತೆ ಶುರುವಾಯಿತು. ಗಿರಿಜಾ ಹೆಗಲೇರಿದಳು. ಉಳಿದರ್ಧ ಸುತ್ತು ಮುಗಿಸಿ ನನ್ನ ಮುಂದೆ ಬಂದಾಗ, ತೊಯ್ದ ಕಾಲು ಎಲ್ಲಿ ಜಾರುತ್ತದೋ ಎಂಬ ಗಾಬರಿಯಲ್ಲಿ ನಾನು ‘ಶರಣಪ್ಪಾ, ಮೆಲ್ಲಕ’ ಎನ್ನಲು ಬಾಯಿ ತೆರೆದೆ. ಮೇಲಿನಿಂದ ನನ್ನ ಮಗಳು ತುಟಿಯ ಮೇಲೆ ಬೆರಳಿಟ್ಟಳು. ಟೀಚರು ಬಾಯಿ ಮುಚ್ಚಿದಳು.