ಡಾಕ್ಟರುಗಳನ್ನು ಒಂದೇ ವಿಮಾನದಲ್ಲಿ ಕೂರಿಸಲು ಒಪ್ಪದ ಎಸ್ತರ್ ಮೇಡಂ

ನಂಬಲು ಆಗುತ್ತಿಲ್ಲ...

ಬೆಳಿಗ್ಗೆ ಫೋನಿನಲ್ಲಿ ಎಸ್ತರ್ ಮೇಡಂ ಹೆಸರು ಕಂಡು "ಹೇಳ್ರಿ ಮೇಡಂ" ಅಂದೆ.
ಅವರ ತಮ್ಮನ ದನಿ.
"ಸರ್... ಅಕ್ಕ ಹೋದಳ್ರಿ. ಭಾಲ್ಕಿ ಬಸ್ ಸ್ಟ್ಯಾಂಡಿನ್ಯಾಗ ಕುಂತಲ್ಲೇ ಎದಿ ಹಿಡಕೊಂಡ್ಲು. ದವಾಖಾನಿ ಮುಟ್ಟೋದ್ರಾಗ ಮುಗದಿತ್ತು."
"ಯಾರ ಅಕ್ಕ?" ಎಂದು ಕೇಳಿಬಿಟ್ಟೆ ನಾನು...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಬೀದರಿನ ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಗಣಿತ ಕಲಿಸುತ್ತಿದ್ದರು, ನಾನು ಕಂಪ್ಯೂಟರ್.
ಇಬ್ಬರೂ ಸೇರಿ ಸೇನೆಗಾಗಿ ಒಂದು ಪ್ರಾಜೆಕ್ಟ್ ಮಾಡುತ್ತಿದ್ದೆವು.
ಪ್ಯಾರಾಚೂಟಿನಲ್ಲಿ ಇಳಿಯುವ ಸೈನಿಕರು...
ಯಾರು ಯಾವ ವಿಮಾನದಲ್ಲಿ, ಯಾರ ಹಿಂದೆ ಯಾರು ಜಿಗಿಯಬೇಕು, ಗಾಳಿ ಎಲ್ಲಿಗೆ ಒಯ್ಯುತ್ತದೆ...
ಕಂಪ್ಯೂಟರಿನಲ್ಲಿ ಸಾವಿರಾರು ಸಲ ಇಳಿಸಿ ನೋಡಿ, ಎಲ್ಲರೂ ಬೇಗ ಒಂದೆಡೆ ಸೇರುವ ಪ್ಲಾನ್ ಹುಡುಕುವ ಕೆಲಸ.

ಶುಕ್ರವಾರ ಒಳ್ಳೆ ಉತ್ತರ ಬಂತು.
ಡಾಕ್ಟರುಗಳು, ಔಷಧಿ ಪೆಟ್ಟಿಗೆ ಎಲ್ಲ ಒಂದೇ ವಿಮಾನದಲ್ಲಿ. ನಾನು ಖುಷಿಯಾದೆ.
ಮೇಡಂ ಆಗಲಿಲ್ಲ.
"ಆ ವಿಮಾನ ಬರ್ಲೇ ಇಲ್ಲಂದ್ರ? ಗಾಯ ಆದವರನ್ನ ಯಾರು ನೋಡ್ತಾರ್ರಿ ಸರ್?"
"ಹಂಚಿದ್ರ ಟೈಮ್ ಜಾಸ್ತಿ ಆಗ್ತದರಿ. ಸೇನೆಯವರು ಕೇಳಿದ್ದು ಟೈಮ್ ಅಷ್ಟೇ" ಅಂದೆ.
"ಕೇಳಿದ್ದೇ ತಪ್ಪಾಗಿದ್ರ?... ಸೋಮವಾರ ಕುಂತು ಮಾತಾಡೋಣ್ರಿ."
ಊರಿಗೆಂದು ಭಾಲ್ಕಿ ಬಸ್ಸಿಗೆ ಹೊರಟುಹೋದರು.
ಇವತ್ತು ಸೋಮವಾರ.

ಮೇಡಂ...
ನಿಮ್ಮ ಮನೆಗೆ ಹೋಗಿದ್ದೆ.
ಮಿಷನ್ ದವಾಖಾನೆಯಲ್ಲಿ ನರ್ಸ್ ಆಗಿದ್ದ ನಿಮ್ಮ ಅವ್ವ ನನ್ನ ಕೈ ಹಿಡಿದು ಕೇಳಿದರು.
"ನಮ್ಮ ಹುಡುಗಿ ಲಡಾಯಿ ಕೆಲಸ ಮಾಡ್ತಿದ್ಲೇನಪ್ಪಾ... ಇಲ್ಲಾ ಜೀವ ಉಳಿಸೋದೇನು? ಕೇಳಿದ್ರ ನಗ್ತಿದ್ಲು."
ನಾನೇ ಒಮ್ಮೆ ಇದನ್ನು ಕೇಳಿದಾಗ ನೀವು "ನಂಗೂ ತಿಳಿಯಂಗಿಲ್ರಿ ಸರ್" ಅಂದಿದ್ದಿರಿ.
ಅದನ್ನು ಅವ್ವನಿಗೆ ಹೇಳಲೇ? ಹೇಳಬಾರದೇ?
ಕೈ ಮುಗಿದು ಎದ್ದು ಬಂದೆ...

ಸಂಜೆ ಯಾಕೋ ಕಾಲುಗಳು ಲ್ಯಾಬಿನ ಕಡೆ ಹೋದವು.
ಡಾಕ್ಟರುಗಳನ್ನು ಎಲ್ಲ ವಿಮಾನಗಳಿಗೆ ಹಂಚಿದೆ. ಒಂದು ವಿಮಾನ ಬರಲಿಲ್ಲ ಎಂದು ಕಂಪ್ಯೂಟರಿಗೆ ಕೊಟ್ಟು ಪ್ರೋಗ್ರಾಂ ಓಡಿಸಿದೆ.
ಎಲ್ಲರೂ ಸೇರುವುದು ತಡವಾಯಿತು. ತುಂಬಾನೇ ತಡ.
ಆದರೆ ಗಾಯಗೊಂಡವರ ಹತ್ತಿರ ಪ್ರತಿ ಸಲವೂ ಒಬ್ಬ ಡಾಕ್ಟರ್ ತಲುಪಿದ್ದರು.
ಗುರುವಾರ ಸೇನೆಯವರು ಬರುತ್ತಾರೆ. ಇದನ್ನೇ ತೋರಿಸುತ್ತೇನೆ.
ಒಪ್ಪುತ್ತಾರೋ ಇಲ್ಲವೋ...
ಪ್ಲಾನ್ ಯಾರದು ಎಂದು ಕೇಳಿದರೆ ಮಾತ್ರ ಉತ್ತರ ಗೊತ್ತಿದೆ.

ಮಣ್ಣು ಮಾಡುವುದು ನಾಳೆ ಮಧ್ಯಾಹ್ನ, ಭಾಲ್ಕಿಯಲ್ಲಿ. ಔರಾದ ಕಡೆಯ ಅವರ ಸ್ಟೂಡೆಂಟ್ಸಿಗೆ ದಯವಿಟ್ಟು ತಿಳಿಸಿ.

ಹೋಗಿ ಬನ್ನಿ ಮೇಡಂ...
ನಿಮ್ಮ ಜೀವ ದೇವರ ಹತ್ತಿರ ತಣ್ಣಗಿರಲಿ.